ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

(ಪಾಲಿಟೆಕ್ನಿಕ್ ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗಷ್ಟೇ ನಿಮ್ಮಲ್ಲೊಬ್ಬರು ವೇದಿಕೆ ಮೇಲಿನ ಲೈಟ್ ಆರಿಸಲು ಬಾಗಿಲ ಹತ್ತಿರ ಹೋದರು. ಅಲ್ಲಿ ಎರಡು ಸಾಲು ಸ್ವಿಚ್ ಇವೆ, ಎಲ್ಲವೂ ಒಂದೇ ಥರ. ಒಂದು ಒತ್ತಿದರು, ಫ್ಯಾನ್ ನಿಂತಿತು. ಇನ್ನೊಂದು ಒತ್ತಿದರು, ಹಿಂದಿನ ಸಾಲು ಕತ್ತಲಾಯಿತು. ಕೊನೆಗೆ ಸರಿಯಾದದ್ದು ಸಿಕ್ಕಿತು. ವಾಪಸ್ ಬರುವಾಗ "ಸಾರಿ ಸರ್" ಅಂದರು. ಇವತ್ತು ನಾನು ಮಾತಾಡಲು ಬಂದಿರುವುದು ಆ "ಸಾರಿ" ಬಗ್ಗೆಯೇ. ಬೋರ್ಡನ್ನು ಹಾಗೆ ಜೋಡಿಸಿದವರು ಯಾರೋ, ಕ್ಷಮೆ ಕೇಳಿದವರು ಮಾತ್ರ ಬಳಸಿದವರು.

ನಮ್ಮ ಮನೆಗಳಲ್ಲೂ ಇದೇ ಕತೆ. ವೈರಿಂಗ್ ಮಾಡುವಾಗ ಪೈಪಿನಿಂದ ಯಾವ ವೈರು ಮೊದಲು ಕೈಗೆ ಬಂತೋ ಅದು ಮೊದಲ ಸ್ವಿಚ್ಚಿಗೆ ಹೋಗುತ್ತದೆ. ಫ್ಯಾನ್ ಎಲ್ಲಿದೆ, ಲೈಟ್ ಎಲ್ಲಿದೆ ಅಂತ ನೋಡಿ ಅದೇ ಸಾಲಿನಲ್ಲಿ ಸ್ವಿಚ್ ಕೂಡಿಸಿದರೆ ಒಂದು ಪೈಸೆಯೂ ಜಾಸ್ತಿ ಖರ್ಚಿಲ್ಲ. ಆದರೂ ಮಾಡುವುದಿಲ್ಲ. ಮನೆಯವರು ಹೇಗೋ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಬಂದ ನೆಂಟರು ರಾತ್ರಿ ಬಚ್ಚಲುಮನೆ ಲೈಟ್ ಹುಡುಕುತ್ತಾ ಎಲ್ಲರನ್ನೂ ಎಬ್ಬಿಸಿ, ಬೆಳಗ್ಗೆ ಅವರೂ ಸಾರಿ ಹೇಳುತ್ತಾರೆ. ಇದು ಸಣ್ಣ ತೊಂದರೆ, ಇಲ್ಲಿಗೇ ಬಿಡೋಣ. ಇದೇ ತಪ್ಪು ದೊಡ್ಡ ಜಾಗದಲ್ಲಿ ಆದರೆ ಏನಾಗುತ್ತದೆ ನೋಡಿ.

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳಿಗೆ ಒಂದು ಪೀಡೆ ಅಂಟಿಕೊಂಡಿತ್ತು. ವಿಮಾನ ಕ್ಷೇಮವಾಗಿ ಇಳಿದು ರನ್‌ವೇ ಮೇಲೆ ಓಡುತ್ತಿರುವಾಗ ಪೈಲಟ್ ರೆಕ್ಕೆಯ ಹಿಂಬದಿಯಲ್ಲಿ ಇಳಿಬಿಟ್ಟ ಹಲಗೆಯನ್ನು, ಅಂದರೆ ಫ್ಲ್ಯಾಪ್ ಅನ್ನು, ಮಡಚಬೇಕು. ಅದರ ಬದಲು ಕೆಲವರು ಚಕ್ರವನ್ನೇ ಮಡಚಿಬಿಡುತ್ತಿದ್ದರು. ವಿಮಾನ ಹೊಟ್ಟೆ ಮೇಲೆ ಕುಸಿಯುತ್ತಿತ್ತು. "ಪೈಲಟ್ ತಪ್ಪು" ಅಂತ ಬರೆದು ಫೈಲ್ ಮುಚ್ಚುತ್ತಿದ್ದರು. ಆಲ್ಫಾನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಫೈಲ್ ಬಿಟ್ಟು ಕಾಕ್‌ಪಿಟ್ ನೋಡಿದರು. ಚಕ್ರದ ಸ್ವಿಚ್ಚು, ಫ್ಲ್ಯಾಪ್ ಸ್ವಿಚ್ಚು ಎರಡೂ ಅಕ್ಕಪಕ್ಕ. ಆಕಾರವೂ ಒಂದೇ. ಗಂಟೆಗಟ್ಟಲೆ ಹಾರಿ ದಣಿದ ಕೈ ಯಾವುದನ್ನು ಮುಟ್ಟುತ್ತದೆ ಅನ್ನುವುದು ಅದೃಷ್ಟದ ಮಾತು.

ಅವರು ಕೊಟ್ಟ ಪರಿಹಾರ ತುಂಬಾ ಸರಳ. ಚಕ್ರದ ಸ್ವಿಚ್ಚಿನ ತುದಿಗೆ ಒಂದು ಪುಟ್ಟ ರಬ್ಬರ್ ಚಕ್ರ. ಫ್ಲ್ಯಾಪ್ ಸ್ವಿಚ್ಚಿನ ತುದಿಗೆ ಬೆಣೆಯಂಥ ಒಂದು ತುಂಡು. ಕಣ್ಣು ಬೇರೆಡೆ ಇದ್ದರೂ ಬೆರಳಿಗೆ ಗೊತ್ತಾಗುತ್ತದೆ. ಇವತ್ತು ನೀವು ಹತ್ತುವ ಪ್ರಯಾಣಿಕರ ವಿಮಾನದಲ್ಲೂ ಚಕ್ರ ಇಳಿಸುವ ಹಿಡಿಯ ತುದಿ ಚಕ್ರದಂತೆಯೇ ಇರುತ್ತದೆ. ಅಮೆರಿಕದ ವಿಮಾನ ನಿಯಮಗಳಲ್ಲಿ ಆ ಆಕಾರವನ್ನೇ ಬರೆದಿಟ್ಟಿದ್ದಾರೆ.

1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎಂಬ ಇಬ್ಬರು ಸಂಶೋಧಕರು, ಪೈಲಟ್‌ಗಳಿಂದಲೇ ಕೇಳಿ ತಿಳಿದು, ಇಂಥ 460 ತಪ್ಪುಗಳನ್ನು ವಿಂಗಡಿಸಿದರು. ಅರ್ಧದಷ್ಟು ಒಂದೇ ಜಾತಿಯವು. ಒಂದರ ಬದಲು ಇನ್ನೊಂದನ್ನು ಹಿಡಿದದ್ದು. ಅವರು ಪೈಲಟ್‌ಗಳಿಗೆ ಇನ್ನಷ್ಟು ಎಚ್ಚರಿಕೆಯಿಂದಿರಿ ಅಂತ ಬುದ್ಧಿ ಹೇಳಿ ಕೂರಲಿಲ್ಲ. ಉಪಕರಣವನ್ನೇ ಬದಲಿಸಬೇಕು ಅಂದರು.

ಇದು ಎಂಬತ್ತು ವರ್ಷ ಹಳೆಯ ಪಾಠ. ಆದರೆ ನಮ್ಮ ಸುತ್ತಲಿನ ವಸ್ತುಗಳಿಗೆ ಅದು ಇನ್ನೂ ಪೂರ್ತಿ ತಲುಪಿಲ್ಲ. ಯಾಕೆ ಅಂತ ನಾನು ತುಂಬಾ ಯೋಚಿಸಿದ್ದೇನೆ. ನನಗೆ ಕಾಣುವ ಕಾರಣ ಇದು. ವಸ್ತುವನ್ನು ರೂಪಿಸುವವರ ಕಣ್ಣ ಮುಂದೆ ಅದು ಯಾವಾಗಲೂ ಹೊಸದಾಗಿ, ಇಡಿಯಾಗಿ, ಒಳ್ಳೆ ಬೆಳಕಲ್ಲಿ ಮೇಜಿನ ಮೇಲಿರುತ್ತದೆ. ನೋಡುತ್ತಿರುವವರಿಗೆ ಕಣ್ಣು ಚೆನ್ನಾಗಿದೆ, ಇಂಗ್ಲಿಷ್ ಬರುತ್ತದೆ, ಅವಸರ ಇಲ್ಲ. ಬಳಸುವವರ ಕೈಗೆ ಬರುವಾಗ ಈ ಯಾವುದೂ ಇರುವುದಿಲ್ಲ. ವಸ್ತು ತುಂಡಾಗಿರುತ್ತದೆ, ಬೆಳಕು ಕಡಿಮೆ ಇರುತ್ತದೆ, ಕೈ ನಡುಗುತ್ತಿರುತ್ತದೆ. ಈ ಎರಡು ಹೊತ್ತುಗಳ ನಡುವಿನ ದೂರವನ್ನು ನೀವು ಕಾಣಬೇಕು ಅನ್ನುವುದು ನನ್ನ ಆಸೆ. ಅದಕ್ಕೇ ಒಂದೆರಡು ವಸ್ತುಗಳನ್ನು ಜೊತೆಗೆ ತಂದಿದ್ದೇನೆ.

ಇವು ಇನ್ಸುಲಿನ್ ಸಿರಿಂಜ್‌ಗಳು. ಎರಡಿವೆ. ಮುಂದಿನ ಸಾಲಿನವರು ಕೈಗೆ ತೆಗೆದುಕೊಂಡು ಹಿಂದಕ್ಕೆ ದಾಟಿಸಿ. ಒಂದರ ಮುಚ್ಚಳ ಕೆಂಪು, ಇನ್ನೊಂದರದ್ದು ಕಿತ್ತಳೆ. ಕೆಂಪು ಮುಚ್ಚಳದ್ದು ಯು-40, ಕಿತ್ತಳೆಯದ್ದು ಯು-100. ಅಂದರೆ ಮೊದಲನೆಯದು ಒಂದು ಮಿಲಿಲೀಟರ್‌ನಲ್ಲಿ 40 ಯೂನಿಟ್ ಇರುವ ಇನ್ಸುಲಿನ್‌ಗೆ, ಎರಡನೆಯದು 100 ಯೂನಿಟ್ ಇರುವ ಇನ್ಸುಲಿನ್‌ಗೆ. ನಮ್ಮ ದೇಶದಲ್ಲಿ ಎರಡೂ ಬಳಕೆಯಲ್ಲಿವೆ. ಬಾಟಲಿಯಲ್ಲಿ ಬರುವುದು ಹೆಚ್ಚಾಗಿ 40, ಇನ್ಸುಲಿನ್ ಚುಚ್ಚುವ ಪೆನ್ನಿನಂಥ ಸಾಧನದ ಕಾರ್ಟ್ರಿಜ್‌ನಲ್ಲಿ ಬರುವುದು 100. ಬಾಟಲಿಯಲ್ಲೇ 100 ಬರುವುದೂ ಉಂಟು.

ಈಗ ಲೆಕ್ಕ ಹಾಕಿ. ಡಾಕ್ಟರು 20 ಯೂನಿಟ್ ಅಂತ ಬರೆದಿದ್ದಾರೆ. ಮನೆಯಲ್ಲಿರುವುದು 40ರ ಬಾಟಲಿ. ಅಂಗಡಿಯಲ್ಲಿ ಕೊಟ್ಟದ್ದು ಕಿತ್ತಳೆ ಮುಚ್ಚಳದ ಸಿರಿಂಜ್. ಅದರಲ್ಲಿ 20ರ ಗೆರೆಗೆ ಎಳೆದರೆ ಬರುವುದು 0.2 ಮಿಲಿಲೀಟರ್. ಅದರೊಳಗಿರುವುದು ಬರೀ 8 ಯೂನಿಟ್. ಶುಗರ್ ಇಳಿಯುವುದಿಲ್ಲ. "ಪಥ್ಯ ಸರಿಯಾಗಿ ಮಾಡ್ತಿಲ್ಲ" ಅಂತ ಬೈಸಿಕೊಳ್ಳುವವರು ರೋಗಿ.

ಉಲ್ಟಾ ಆದರೆ ಇನ್ನೂ ಭಯಂಕರ. ಪೆನ್ನು ಕೆಟ್ಟಿದೆ, ರಾತ್ರಿ ಊಟದ ಹೊತ್ತು. ಕಾರ್ಟ್ರಿಜ್‌ನಲ್ಲಿ ಔಷಧಿ ಹೇಗೂ ಇದೆಯಲ್ಲ, ಸಿರಿಂಜ್‌ನಲ್ಲೇ ಎಳೆದು ಹಾಕೋಣ ಅಂತ ಮನೆಯವರು ಯೋಚಿಸುತ್ತಾರೆ. ಕೈಗೆ ಸಿಕ್ಕಿದ್ದು ಕೆಂಪು ಮುಚ್ಚಳದ್ದು. ಅದರಲ್ಲಿ 20ರ ಗೆರೆ ಅಂದರೆ ಅರ್ಧ ಮಿಲಿಲೀಟರ್. 100ರ ಇನ್ಸುಲಿನ್‌ನಲ್ಲಿ ಅದು 50 ಯೂನಿಟ್ ಆಗುತ್ತದೆ. ಎರಡೂವರೆ ಪಟ್ಟು ಜಾಸ್ತಿ. ನಿದ್ದೆಯಲ್ಲೇ ಶುಗರ್ ಕುಸಿದು ಜೀವಕ್ಕೆ ಅಪಾಯ ಆಗಬಹುದು.

ಇಷ್ಟು ದೊಡ್ಡ ವ್ಯತ್ಯಾಸವನ್ನು ತಿಳಿಸಲು ಆರಿಸಿಕೊಂಡ ಬಣ್ಣಗಳು ಯಾವುವು ಅಂತ ನೋಡಿ. ಕೆಂಪು ಮತ್ತು ಕಿತ್ತಳೆ. ಅಷ್ಟೊಂದು ಬಣ್ಣಗಳಿರುವಾಗ ಪಕ್ಕಪಕ್ಕದ ಎರಡು ಬಣ್ಣ. ಸಕ್ಕರೆ ಕಾಯಿಲೆ ಕಣ್ಣನ್ನೂ ಹಾಳು ಮಾಡುವ ಕಾಯಿಲೆ. ಹಾಗಾಗಿ ಈ ಬಣ್ಣಗಳನ್ನು ಬೇರೆ ಮಾಡಿ ನೋಡಬೇಕಾದವರಲ್ಲಿ ಎಷ್ಟೋ ಜನರ ದೃಷ್ಟಿ ಆಗಲೇ ಮಂಜಾಗಿರುತ್ತದೆ. ಇನ್ನೂ ಒಂದು ಮಾತಿದೆ. ಬಣ್ಣ ಇರುವುದು ಮುಚ್ಚಳದಲ್ಲಿ. ಮುಚ್ಚಳ ತೆಗೆದ ಮೇಲೇ ತಾನೆ ಸಿರಿಂಜನ್ನು ಬಾಟಲಿಗೆ ಚುಚ್ಚುವುದು? ಗುರುತು ಬೇಕಾದ ಗಳಿಗೆಯಲ್ಲಿ ಗುರುತು ಮೇಜಿನ ಮೇಲೆ ಬೇರೆ ಕಡೆ ಬಿದ್ದಿರುತ್ತದೆ. ಕೊಳವೆಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ, ನಿಜ. ಅದನ್ನು ಓದಲು ಈ ಬೆಳಕಲ್ಲಿ ನಿಮಗೇ ಕಷ್ಟವಾಗುತ್ತಿದೆ ಅಂತ ಮುಖ ನೋಡಿದರೆ ಗೊತ್ತಾಗುತ್ತದೆ.

ಬಹಳಷ್ಟು ದೇಶಗಳು 40ರ ಸಹವಾಸವನ್ನೇ ಬಿಟ್ಟು 100 ಒಂದನ್ನೇ ಇಟ್ಟುಕೊಂಡವು. ಒಂದೇ ಅಳತೆ ಇದ್ದರೆ ಅದಲುಬದಲಾಗುವ ಮಾತೇ ಇಲ್ಲ. ನಮ್ಮಲ್ಲೂ ಅದೇ ಆಗಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಆಗುವ ತನಕ ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಒಂದು ಕೆಲಸ ಮಾಡಿ. ಬಾಟಲಿ ಮೇಲಿನ ಅಂಕಿ, ಸಿರಿಂಜ್ ಮೇಲಿನ ಅಂಕಿ ಎರಡೂ ಒಂದೇನಾ ಅಂತ ಇವತ್ತೇ ಹೋಗಿ ನೋಡಿ.

ಎರಡನೇ ವಸ್ತು ಮಾತ್ರೆಯ ಸ್ಟ್ರಿಪ್. ಇದು ಎಲ್ಲರ ಮನೆಯಲ್ಲೂ ಇದೆ. ಸ್ಟ್ರಿಪ್ ಹಿಂಬದಿ ನೋಡಿ. ಔಷಧಿಯ ಹೆಸರು, ಕಂಪನಿ ಹೆಸರು, ಪುಟ್ಟ ಪುಟ್ಟ ಇಂಗ್ಲಿಷ್ ಅಕ್ಷರ. ಎಕ್ಸ್‌ಪೈರಿ ದಿನಾಂಕ ಒಂದು ತುದಿಯಲ್ಲಿ ಮಾತ್ರ. ಎಷ್ಟೋ ಸಲ ಅದಕ್ಕೆ ಬಣ್ಣವೂ ಇರುವುದಿಲ್ಲ. ಬೆಳ್ಳಿ ಹಾಳೆ ಮೇಲೆ ಒತ್ತಿ ಮೂಡಿಸಿದ ಅಕ್ಷರ, ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ.

ಇಡೀ ಸ್ಟ್ರಿಪ್ ಕೊಳ್ಳುವವರಿಗೆ ಇದು ಸಾಕು. ಆದರೆ ನಮ್ಮಲ್ಲಿ ಔಷಧಿ ಕೊಳ್ಳುವುದು ಹೇಗೆ? "ನಾಲ್ಕು ಕೊಡಿ ಸಾಕು." ಜೇಬಿನಲ್ಲಿ ಅಷ್ಟೇ ದುಡ್ಡಿರುತ್ತದೆ, ಅಥವಾ ಡಾಕ್ಟರು ಎರಡು ದಿನಕ್ಕಷ್ಟೇ ಬರೆದಿರುತ್ತಾರೆ. ಅಂಗಡಿಯವರು ಕತ್ತರಿ ತೆಗೆದು ಕಚಕ್ ಅಂತ ಕತ್ತರಿಸುತ್ತಾರೆ. ಕೈಗೆ ಬಂದ ತುಂಡಿನಲ್ಲಿ ಹೆಸರಿನ ಅರ್ಧ ಇರುತ್ತದೆ, ದಿನಾಂಕ ಇರುವುದಿಲ್ಲ. ಆ ತುಂಡು ಮನೆಯ ಔಷಧಿ ಡಬ್ಬಿ ಸೇರುತ್ತದೆ. ಆರು ತಿಂಗಳ ನಂತರ ಮಗುವಿಗೋ ಅಜ್ಜಿಗೋ ಜ್ವರ ಬಂದಾಗ ಡಬ್ಬಿ ತೆಗೆದರೆ ಎಲ್ಲ ತುಂಡುಗಳೂ ಒಂದೇ ಥರ ಹೊಳೆಯುತ್ತಿರುತ್ತವೆ. ಯಾವುದು ಜ್ವರದ್ದು, ಯಾವುದು ಬಿಪಿಯದ್ದು?

ಸ್ಟ್ರಿಪ್ ಮಾಡಿದವರಿಗೆ ಕತ್ತರಿಯ ವಿಷಯ ಗೊತ್ತಿಲ್ಲ ಅಂತಲ್ಲ. ನಮ್ಮ ದೇಶದ ಯಾವ ಔಷಧಿ ಅಂಗಡಿಯಲ್ಲಿ ಐದು ನಿಮಿಷ ನಿಂತರೂ ಕತ್ತರಿ ಕಾಣುತ್ತದೆ. ಆದರೂ ರೂಪಿಸುವಾಗ ಅವರ ಕಣ್ಣ ಮುಂದಿದ್ದದ್ದು ಕಾರ್ಖಾನೆಯಿಂದ ಹೊರಬಿದ್ದ ಇಡೀ ಸ್ಟ್ರಿಪ್. ಪ್ರತಿ ಮಾತ್ರೆಯ ಹಿಂದೆ ಹೆಸರು, ಶಕ್ತಿ ಮತ್ತು ದಿನಾಂಕ ಇರಬೇಕು. ಮಾತ್ರೆಗಳ ನಡುವೆ ಹರಿಯಲು ಬರುವಂತೆ ತೂತಿನ ಸಾಲು ಇರಬೇಕು. ಇದಕ್ಕೆ ಹೊಸ ವಿಜ್ಞಾನ ಏನೂ ಬೇಡ.

ಇನ್ನು ಹೆಸರುಗಳ ವಿಷಯ. ಫಾಲ್ಸಿಗೊ, ಫಾಲ್ಸಿಟ್ಯಾಬ್ ಎಂಬ ಎರಡು ಔಷಧಿ ಹೆಸರುಗಳ ಜಗಳ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಎರಡೂ ಮಿದುಳಿಗೇರುವ ಮಲೇರಿಯಾಕ್ಕೆ, ಆದರೆ ಒಳಗಿನ ಔಷಧಿ ಬೇರೆ ಬೇರೆ. 2001ರ ತೀರ್ಪಿನಲ್ಲಿ ಕೋರ್ಟ್ ಒಂದು ಮುಖ್ಯವಾದ ಮಾತು ಹೇಳಿತು. ಬೇರೆ ಸಾಮಾನುಗಳಲ್ಲಿ ಹೆಸರು ಅದಲುಬದಲಾದರೆ ದುಡ್ಡು ಹೋಗಬಹುದು, ಔಷಧಿಯಲ್ಲಾದರೆ ಜೀವ ಹೋಗಬಹುದು, ಹಾಗಾಗಿ ಇಲ್ಲಿ ಅಳತೆಗೋಲು ಇನ್ನೂ ಬಿಗಿಯಾಗಿರಬೇಕು ಅನ್ನುವುದು ಅದರ ಸಾರ. ಎಲ್ಲರಿಗೂ ಇಂಗ್ಲಿಷ್ ಬರುವುದಿಲ್ಲ, ಹಲವು ಭಾಷೆಗಳಿರುವ ದೇಶ ಇದು ಅನ್ನುವುದನ್ನೂ ಕೋರ್ಟ್ ಲೆಕ್ಕಕ್ಕೆ ತೆಗೆದುಕೊಂಡಿತು. ಬಳಸುವವರ ಜಾಗದಲ್ಲಿ ನಿಂತು ನೋಡಿದ ತೀರ್ಪು ಅದು.

2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಔಷಧಿ ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಅಥವಾ ಬಾರ್ ಕೋಡ್ ಕಡ್ಡಾಯವಾಯಿತು. ನಕಲಿ ಔಷಧಿ ಹಿಡಿಯಲು ಅದು ಒಳ್ಳೆಯ ಹೆಜ್ಜೆ. ಆದರೆ ಸ್ಟ್ರಿಪ್ ಕತ್ತರಿಸಿದರೆ ಆ ಕೋಡ್ ಕೂಡ ಯಾವುದೋ ಒಂದು ತುಂಡಿನ ಪಾಲಾಗುತ್ತದೆ. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿಗೆ ಅದು ಬರೀ ಕಪ್ಪು ಚೌಕ.

ಫೋನಿನ ಮಾತು ಬಂತಲ್ಲ, ನಮ್ಮ ನೋಟುಗಳ ಕಡೆ ಬರೋಣ. ಹಳೆಯ ನೂರರ ನೋಟು 157 ಮಿಲಿಮೀಟರ್ ಉದ್ದ, ಐನೂರರದ್ದು 167. ಹತ್ತು ಮಿಲಿಮೀಟರ್ ವ್ಯತ್ಯಾಸ. ಕಣ್ಣು ಕಾಣದವರು ಬೆರಳ ಸಂದಿಗೆ ಮಡಚಿ ಹಿಡಿದು ಇಷ್ಟು ಅಂತ ಹೇಳುತ್ತಿದ್ದರು. 2016ರ ನಂತರ ಬಂದ ಹೊಸ ಸರಣಿಯಲ್ಲಿ ನೂರು 142, ಇನ್ನೂರು 146, ಐನೂರು 150 ಮಿಲಿಮೀಟರ್. ಮೂರರ ಅಗಲವೂ 66. ಒಂದಕ್ಕೂ ಇನ್ನೊಂದಕ್ಕೂ ನಾಲ್ಕೇ ಮಿಲಿಮೀಟರ್. ಜೇಬಿನಲ್ಲಿ ಮುದುಡಿದ ನೋಟಿನಲ್ಲಿ ನಾಲ್ಕು ಮಿಲಿಮೀಟರ್ ಹುಡುಕುವುದು ಆಗುವ ಮಾತಲ್ಲ. ಅಂಚಿನಲ್ಲಿ ಉಬ್ಬು ಗೆರೆಗಳಿವೆ, ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ನೂರರ ಮೇಲೆ ಉಬ್ಬಿದ ತ್ರಿಕೋನ, ಐನೂರರ ಮೇಲೆ ವೃತ್ತ. ಹೊಸ ನೋಟಿನಲ್ಲಿ ಬೆರಳಿಗೆ ಸಿಗುತ್ತವೆ. ಸಂತೆ, ಬಸ್ಸು, ಮೀನು ಮಾರ್ಕೆಟ್ಟು ಸುತ್ತಿ ಬಂದ ನೋಟಿನಲ್ಲಿ ಉಬ್ಬು ಸವೆದುಹೋಗಿರುತ್ತದೆ.

ದೃಷ್ಟಿ ಇಲ್ಲದವರ ಸಂಘಟನೆ ಕೋರ್ಟಿಗೆ ಹೋಯಿತು. 2020ರ ಜನವರಿ 1ರಂದು ರಿಸರ್ವ್ ಬ್ಯಾಂಕ್ ಮಣಿ ಎಂಬ ಆ್ಯಪ್ ಬಿಡುಗಡೆ ಮಾಡಿತು. ಫೋನಿನ ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದ್ದು ಅಂತ ಅದು ಹೇಳುತ್ತದೆ, ಇಂಟರ್ನೆಟ್ ಬೇಡ. ಆ್ಯಪ್ ಮಾಡಿದ್ದಕ್ಕೆ ನನ್ನ ಆಕ್ಷೇಪ ಇಲ್ಲ, ಉಪಯೋಗಕ್ಕೆ ಬಂದಿದೆ. ಆದರೆ ಯೋಚಿಸಿ. ಬೆರಳಿಗೆ ಗೊತ್ತಾಗುತ್ತಿದ್ದ ಸಂಗತಿಯನ್ನು ತಿಳಿಯಲು ಈಗ ಫೋನ್ ಬೇಕು, ಚಾರ್ಜ್ ಬೇಕು, ಬಸ್ ಕಂಡಕ್ಟರ್ ಕಾಯಬೇಕು. ನಾಣ್ಯಗಳ ವಿಷಯದಲ್ಲಿ ಇದೇ ದೇಶ ಚೆನ್ನಾಗಿ ಯೋಚಿಸಿದೆ. 2019ರ ಸರಣಿಯಲ್ಲಿ ಒಂದು, ಎರಡು, ಐದು, ಹತ್ತು ಅಂತ ಬೆಲೆ ಏರಿದ ಹಾಗೆ ನಾಣ್ಯದ ಅಗಲವೂ ಏರುತ್ತದೆ. ಇಪ್ಪತ್ತರ ನಾಣ್ಯಕ್ಕೆ ಹನ್ನೆರಡು ಮೂಲೆ. ಕಣ್ಣು ಕಾಣದವರನ್ನು ಮನಸ್ಸಲ್ಲಿಟ್ಟುಕೊಂಡೇ ಮಾಡಿದ್ದು. ಅಂದರೆ ನಮಗೆ ಬರುತ್ತದೆ. ಮನಸ್ಸು ಮಾಡಬೇಕು ಅಷ್ಟೇ.

ಇಲ್ಲಿಯ ತನಕ ವಸ್ತುಗಳ ಮಾತಾಯಿತು. ಈಗ ನೀವೆಲ್ಲ ನಾಳೆ ಮಾಡಲಿರುವ ಕೆಲಸಕ್ಕೆ ಬರುತ್ತೇನೆ. ನಿಮ್ಮಲ್ಲಿ ಮುಕ್ಕಾಲು ಜನ ಸಾಫ್ಟ್‌ವೇರ್‌ಗೆ ಹೋಗುತ್ತೀರಿ. ಫಾರಂಗಳನ್ನು ಮಾಡುತ್ತೀರಿ. ಅಲ್ಲಿ ಮೊದಲ ಪ್ರಶ್ನೆಯೇ ಹೆಸರು.

ಮಂಜುನಾಥ ಅಂತ ಒಬ್ಬ ಹುಡುಗ ಅಂದುಕೊಳ್ಳಿ. ಶಾಲೆಯಲ್ಲಿ ಅವನ ಹೆಸರಿನ ಮುಂದೆ ಎಚ್. ಬಿ. ಅಂತ ಇದೆ. ಎಚ್ ಅಂದರೆ ಊರು ಹೊಸದುರ್ಗ, ಬಿ ಅಂದರೆ ಅಪ್ಪ ಬಸಪ್ಪ. ಹಳೆ ಮೈಸೂರು ಕಡೆ ಲಕ್ಷಾಂತರ ಜನರ ಹೆಸರು ಹೀಗೇ. ಅವನಿಗೆ ಅಡ್ಡಹೆಸರು ಇಲ್ಲ. ಧಾರವಾಡ, ಬೆಳಗಾವಿ ಕಡೆ ಹೋದರೆ ಪಾಟೀಲ, ಹಿರೇಮಠ, ದೇಸಾಯಿ ಅಂತ ಮನೆತನದ ಹೆಸರು ಕೊನೆಗೆ ಬರುತ್ತದೆ, ನಡುವೆ ಅಪ್ಪನ ಹೆಸರು. ಒಂದೇ ರಾಜ್ಯದಲ್ಲಿ ಎರಡು ಪದ್ಧತಿ. ಎರಡೂ ಸರಿ.

ಈಗ ಮಂಜುನಾಥ ಫಾರಂ ತುಂಬುತ್ತಾನೆ. ಆಧಾರ್‌ನಲ್ಲಿ ಹೆಸರಿಗೆ ಒಂದೇ ಜಾಗ, ಎಚ್ ಬಿ ಮಂಜುನಾಥ ಅಂತ ಬರೆದ. ಪ್ಯಾನ್‌ಗೆ ಬಹುಕಾಲ ಬಳಕೆಯಲ್ಲಿದ್ದ 49ಎ ಅರ್ಜಿಯಲ್ಲಿ ಕೊನೆಯ ಹೆಸರು, ಮೊದಲ ಹೆಸರು, ನಡುವಿನ ಹೆಸರು ಅಂತ ಮೂರು ಜಾಗ. ಮೊದಲ ಮತ್ತು ಕೊನೆಯ ಹೆಸರಲ್ಲಿ ಇನಿಷಿಯಲ್ ಬರೆಯುವಂತಿಲ್ಲ. ಹಾಗಾಗಿ ಊರಿನ ಹೆಸರನ್ನೋ ಅಪ್ಪನ ಹೆಸರನ್ನೋ ಬಿಡಿಸಿ ಬರೆದ. ಈಗ ಎರಡು ದಾಖಲೆಯಲ್ಲಿ ಎರಡು ಹೆಸರು. ಮುಂದೆ ಪ್ಯಾನ್‌ಗೆ ಆಧಾರ್ ಜೋಡಿಸಬೇಕು ಅಂತ ಬಂತು. 2023ರ ಜೂನ್ 30 ಕೊನೆಯ ದಿನ, ಅಷ್ಟರಲ್ಲಿ ಸಾವಿರ ರೂಪಾಯಿ ಶುಲ್ಕವೂ ಸೇರಿತ್ತು. ಹೆಸರು ಹೊಂದುತ್ತಿಲ್ಲ ಅಂತ ಪರದೆ ಹೇಳಿದಾಗ ಎಷ್ಟು ಜನ ಸೈಬರ್ ಸೆಂಟರ್ ಮುಂದೆ ಸಾಲು ನಿಂತರು ನಿಮಗೆ ನೆನಪಿರಬಹುದು. ಹೇಳಿದ್ದೆಲ್ಲ ನಿಜವೇ ಆದರೂ "ಹೆಸರು ತಪ್ಪು ಕೊಟ್ಟಿದ್ದೀರಿ" ಅನ್ನಿಸಿಕೊಂಡರು.

ಅದೇ ಹುಡುಗ ಪಾಸ್‌ಪೋರ್ಟ್ ಮಾಡಿಸುತ್ತಾನೆ. ಅಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಡಬಹುದು, ಬಿಡುತ್ತಾನೆ. ಅಮೆರಿಕಕ್ಕೆ ಹೋಗುವಾಗ ವೀಸಾದಲ್ಲಿ ಅವನ ಒಂಟಿ ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗುತ್ತದೆ. ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಮೂರಕ್ಷರ ಕೂರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಅಲ್ಲಿಂದ ಮುಂದೆ ಬೇರೆ ಬೇರೆ ಕಾರ್ಡುಗಳಲ್ಲೂ ಅದೇ ಮುಂದುವರಿಯುತ್ತದೆ. ಅಪ್ಪ ಅಮ್ಮ ನಾಮಕರಣ ಮಾಡಿ ತೊಟ್ಟಿಲಲ್ಲಿ ಕಿವಿಯಲ್ಲಿ ಹೇಳಿದ ಹೆಸರು ಇರುವಾಗ, ಅವನಿಗೆ ಹೆಸರೇ ಗೊತ್ತಿಲ್ಲ ಅಂತ ಬರೆಯುವುದು ನನಗೆ ತುಂಬಾ ನೋವಿನ ಸಂಗತಿ. 2022ರ ನವೆಂಬರ್‌ನಲ್ಲಿ ಯುಎಇ ದೇಶ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ಪ್ರವಾಸಿ ವೀಸಾದಲ್ಲಿ ಪ್ರವೇಶ ಇಲ್ಲ ಅಂತ ಹೇಳಿತು. ಎರಡನೇ ಪುಟದಲ್ಲಿ ತಂದೆಯ ಹೆಸರು ಅಥವಾ ಮನೆತನದ ಹೆಸರಿದ್ದರೆ ಸಾಕು ಅಂತ ಆಮೇಲೆ ಸಡಿಲಿಸಿದರು. ಒಂದು ಫಾರಂನ ಎರಡು ಚೌಕಗಳು ಒಬ್ಬ ಮನುಷ್ಯನನ್ನು ವಿಮಾನ ನಿಲ್ದಾಣದಲ್ಲಿ ನಿಲ್ಲಿಸಬಹುದು.

ಒಟಿಪಿ ಬಗ್ಗೆ ಎರಡೇ ಮಾತು. 2009ರ ಆಗಸ್ಟ್‌ನಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ಭದ್ರತೆ ಬೇಕು ಅಂತ ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿತು. ಅದರಿಂದ ಜನರ ದುಡ್ಡು ಉಳಿದಿದೆ, ಒಳ್ಳೆಯದೇ. ಆದರೆ ಮೆಸೇಜ್ ನೋಡಲು ಆ್ಯಪ್‌ನಿಂದ ಹೊರಗೆ ಹೋದರೆ ಕೆಲವು ಆ್ಯಪ್‌ಗಳು ಮೊದಲಿಂದ ಶುರುವಾಗುತ್ತವೆ. ಆರು ಅಂಕಿ ನೆನಪಿಟ್ಟುಕೊಂಡು ವಾಪಸ್ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಮೆಸೇಜಿನಲ್ಲೂ ಅಂಕಿ ಎಲ್ಲೋ ಇಂಗ್ಲಿಷ್ ವಾಕ್ಯದ ನಡುವೆ ಹೂತಿರುತ್ತದೆ. ಅಂಕಿಯನ್ನು ಮೊದಲು ಬರೆಯಿರಿ. ಸಮಯ ಸ್ವಲ್ಪ ಜಾಸ್ತಿ ಕೊಡಿ. ಇಷ್ಟು ಮಾಡಿದರೆ ಎಷ್ಟೋ ಅಪ್ಪ ಅಮ್ಮಂದಿರು ಒಟಿಪಿಯನ್ನು ಬೇರೆಯವರಿಗೆ ಓದಿ ಹೇಳುವುದು ತಪ್ಪುತ್ತದೆ. ಈಗ ಹಾಗೆ ಓದಿ ಹೇಳುವ ಅಭ್ಯಾಸವೇ ಮೋಸಗಾರರಿಗೆ ದಾರಿ.

ಇನ್ನೊಂದು ಬಗೆಯ ತೊಂದರೆ ಇದೆ, ಅದನ್ನು ಇವುಗಳ ಜೊತೆ ಸೇರಿಸಬಾರದು. ಟಿಕೆಟ್ ಬುಕ್ ಮಾಡುವಾಗ ನಿಮ್ಮನ್ನು ಕೇಳದೆ ವಿಮೆ ಸೇರಿಸುವುದು. ಸೇರಲು ಒಂದು ಒತ್ತು ಸಾಕು, ಬಿಡಲು ಹತ್ತು ಪುಟ ಅಲೆಸುವುದು. ಇದು ಅಜಾಗರೂಕತೆಯಿಂದ ಆದದ್ದಲ್ಲ, ಬೇಕಂತಲೇ ಕೂತು ಮಾಡಿದ್ದು. ಹ್ಯಾರಿ ಬ್ರಿಗ್ನಲ್ ಎಂಬ ಡಿಸೈನರ್ 2010ರಲ್ಲಿ ಇದಕ್ಕೆ ಡಾರ್ಕ್ ಪ್ಯಾಟರ್ನ್ ಅಂತ ಹೆಸರಿಟ್ಟರು. ನಮ್ಮ ದೇಶದಲ್ಲಿ 2023ರ ನವೆಂಬರ್ 30ರಂದು ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಬಗೆಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದು, "ಎರಡೇ ಉಳಿದಿವೆ" ಅಂತ ಸುಳ್ಳು ಅವಸರ ಹುಟ್ಟಿಸುವುದು, ಬೆಲೆಯನ್ನು ಕೊನೆಯ ಪುಟದ ತನಕ ಸ್ವಲ್ಪ ಸ್ವಲ್ಪವೇ ಬಿಚ್ಚಿಡುವುದು ಎಲ್ಲವೂ ಅದರಲ್ಲಿವೆ. ನಿಮಗೆ ಹೀಗಾದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾಳೆ ನೀವು ಕೆಲಸಕ್ಕೆ ಸೇರಿದ ಕಡೆ ಇಂಥದ್ದನ್ನು ಮಾಡಲು ಹೇಳಿದರೆ ಈ ಪಟ್ಟಿ ತೆಗೆದು ಮೇಜಿನ ಮೇಲಿಡಿ. ಒಬ್ಬ ಹೊಸ ಇಂಜಿನಿಯರ್‌ಗೆ ಇಲ್ಲ ಅನ್ನುವುದು ಕಷ್ಟ, ಬಲ್ಲೆ. ಕಾನೂನು ಜೊತೆಗಿದ್ದರೆ ಆ ಇಲ್ಲಕ್ಕೆ ಸ್ವಲ್ಪ ಬಲ ಬರುತ್ತದೆ.

ನಾನು ಸಿದ್ಧ ಮಾಡಿಕೊಂಡು ಬಂದಿದ್ದ ಮಾತು ಇಷ್ಟೇ. ಆಮೇಲೆ ಪ್ರಶ್ನೆಗಳು ಬಂದವು.

ಮೆಕ್ಯಾನಿಕಲ್ ವಿಭಾಗದ ಒಬ್ಬರು ಕೇಳಿದರು: "ಸರ್, ಇದಕ್ಕೆಲ್ಲ ಖರ್ಚಾಗುತ್ತದಲ್ಲ? ಕಂಪನಿಗಳು ಯಾಕೆ ಮಾಡ್ತಾರೆ?"

ಕೆಲವಕ್ಕೆ ಖರ್ಚಿದೆ. ಪ್ರತಿ ಮಾತ್ರೆಯ ಹಿಂದೆ ದಿನಾಂಕ ಮುದ್ರಿಸಲು ಯಂತ್ರ ಬದಲಿಸಬೇಕಾಗಬಹುದು, ಸ್ಟ್ರಿಪ್ ಸ್ವಲ್ಪ ದೊಡ್ಡದಾಗಬಹುದು. ಆದರೆ ಮುಚ್ಚಳಕ್ಕೆ ಕಿತ್ತಳೆ ಬದಲು ನೀಲಿ ಬಣ್ಣ ಆರಿಸಿದ್ದರೆ ಮೊದಲ ದಿನ ಏನು ಖರ್ಚಾಗುತ್ತಿತ್ತು? ಏನೂ ಇಲ್ಲ. ಈಗ ಬದಲಿಸುವುದು ಕಷ್ಟ, ಯಾಕಂದರೆ ಲೋಕವೆಲ್ಲ ಅದಕ್ಕೆ ಒಗ್ಗಿಕೊಂಡಿದೆ. ಈಗ ಬದಲಿಸಹೋದರೆ ಹೊಸ ಗೊಂದಲ. ಕಾಗದದ ಮೇಲೆ ಗೆರೆ ಎಳೆಯುವ ದಿನವೇ ಯೋಚಿಸಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಅಲ್ಲಿಯ ತನಕ ಔಷಧಿ ಕೊಳ್ಳುವಾಗ ಬಿಲ್ ಕೇಳಿ ಪಡೆಯಿರಿ. ಸಾಮಾನ್ಯವಾಗಿ ಅದರಲ್ಲಿ ಬ್ಯಾಚ್ ನಂಬರ್, ಎಕ್ಸ್‌ಪೈರಿ ಎರಡೂ ಇರುತ್ತವೆ. ತುಂಡು ಸ್ಟ್ರಿಪ್ಪನ್ನು ಆ ಬಿಲ್ ಜೊತೆಗೇ ಒಂದು ಕವರ್‌ನಲ್ಲಿ ಹಾಕಿಡಿ.

ಕಂಪ್ಯೂಟರ್ ಸೈನ್ಸ್‌ನ ಒಬ್ಬ ಹುಡುಗಿಯ ಪ್ರಶ್ನೆ ನನಗೆ ಇಷ್ಟವಾಯಿತು. "ನಮ್ಮ ಕಾಲೇಜ್ ಫೆಸ್ಟ್‌ಗೆ ರಿಜಿಸ್ಟ್ರೇಷನ್ ಫಾರಂ ನಾನೇ ಮಾಡ್ತಿದ್ದೀನಿ ಸರ್. ಅಡ್ಡಹೆಸರು ಇಲ್ಲದಿದ್ರೆ ಪಟ್ಟಿ ಜೋಡಿಸೋದು ಹೇಗೆ?"

ಮೊಬೈಲ್ ನಂಬರ್ ಇಟ್ಟು ಜೋಡಿಸಮ್ಮ, ಇಲ್ಲಾ ಪ್ರತಿಯೊಬ್ಬರಿಗೂ ಒಂದು ರಿಜಿಸ್ಟ್ರೇಷನ್ ನಂಬರ್ ಕೊಡು. ಹೆಸರಿಗೆ ಒಂದೇ ಉದ್ದನೆಯ ಚೌಕ ಇಡು. ಚುಕ್ಕಿ ಹಾಕಿದರೆ ಕೆಂಪು ಗೆರೆ ಬರಬಾರದು. ಒಂದೇ ಅಕ್ಷರದ ಇನಿಷಿಯಲ್ ಬರೆದರೂ ಒಪ್ಪಬೇಕು, ಮೂವತ್ತಕ್ಷರದ ಹೆಸರು ಬರೆದರೂ ಒಪ್ಪಬೇಕು. ಕನ್ನಡದಲ್ಲಿ ಬರೆದರೂ ಒಪ್ಪಬೇಕು. ಸರ್ಟಿಫಿಕೇಟ್ ಮೇಲೆ ಹೆಸರು ಹೇಗೆ ಬರಬೇಕು ಅಂತ ಕೆಳಗೆ ಇನ್ನೊಂದು ಚೌಕ ಇಟ್ಟು ಅವರನ್ನೇ ಕೇಳು. ಮಾಡಿದ ಮೇಲೆ ಹಾಸನದಿಂದ ಬಂದ ಒಬ್ಬರಿಗೆ, ವಿಜಯಪುರದಿಂದ ಬಂದ ಒಬ್ಬರಿಗೆ, ಒಂದೇ ಹೆಸರಿರುವ ಒಬ್ಬರಿಗೆ ಫೋನ್ ಕೊಟ್ಟು ತುಂಬಲು ಹೇಳು. ಪಕ್ಕದಲ್ಲಿ ನಿಂತು ನೋಡು, ಹೇಳಿಕೊಡಬೇಡ. ಎಲ್ಲಿ ಅವರ ಬೆರಳು ನಿಲ್ಲುತ್ತದೋ ಅಲ್ಲಿ ತಿದ್ದು.